ಬೆಳವಣಿಗೆ ಮತ್ತು ಇಂಗಾಲ: ಒಂದು ದೇಶದ ಲೆಕ್ಕವನ್ನು ನಾವೇ ಹಾಕಿ ನೋಡುವುದು ಹೇಗೆ

ಆರ್ಥಿಕತೆ ಬೆಳೆದಂತೆಲ್ಲ ವಾತಾವರಣಕ್ಕೆ ಸೇರುವ ಇಂಗಾಲವೂ ಬೆಳೆಯಲೇಬೇಕು ಎಂದು ವಾದಿಸುವವರ ಕೈಯಲ್ಲಿ ಒಂದು ಗ್ರಾಫ್ ಇರುತ್ತದೆ. ಆ ನಂಟು ಎಂದೋ ಕಡಿದುಹೋಯಿತು ಎನ್ನುವವರ ಕೈಯಲ್ಲಿಯೂ ಒಂದು ಗ್ರಾಫ್ ಇರುತ್ತದೆ. ಸೋಜಿಗವೆಂದರೆ, ಅನೇಕ ಸಲ ಎರಡೂ ಗ್ರಾಫ್‌ಗಳು ಒಂದೇ ದತ್ತಾಂಶದಿಂದ ಹುಟ್ಟಿರುತ್ತವೆ ಮತ್ತು ಎರಡರಲ್ಲಿಯೂ ಅಂಕಿಗಳು ಸರಿಯಾಗಿಯೇ ಇರುತ್ತವೆ. ಎಣಿಕೆ ಯಾವ ವರ್ಷದಿಂದ ಶುರುವಾಯಿತು, ಯಾರ ಹೊಗೆಯನ್ನು ಯಾರ ಖಾತೆಗೆ ಬರೆಯಲಾಯಿತು, ಬೆಳವಣಿಗೆಯನ್ನು ಯಾವ ಬೆಲೆಯಲ್ಲಿ ಅಳೆಯಲಾಯಿತು ಎಂಬಲ್ಲಿ ಮಾತ್ರ ಅವು ಬೇರೆಯಾಗುತ್ತವೆ. ಯಾವುದೇ ಒಂದು ದೇಶದ ಬಗ್ಗೆ ಇಂಥ ಮಾತು ಕೇಳಿಬಂದಾಗ, ಸಾರ್ವಜನಿಕವಾಗಿ ಸಿಗುವ ಅಂಕಿಗಳನ್ನು ಒಂದು ಸ್ಪ್ರೆಡ್‌ಶೀಟಿಗೆ ಹಾಕಿ, ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ಅರ್ಧ ದಿನದಲ್ಲಿ ಪರೀಕ್ಷಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾಗುವ ಗಣಿತ ಗುಣಾಕಾರ, ಭಾಗಾಕಾರ ಮತ್ತು ಒಂದಿಷ್ಟು ಲಾಗರಿದಮ್, ಅಷ್ಟೇ.

ಪ್ರಶ್ನೆಯನ್ನು ಮೊದಲು ಬಿಗಿಗೊಳಿಸಿಕೊಳ್ಳಿ

ಅರ್ಥಶಾಸ್ತ್ರಜ್ಞರು ಡಿಕಪ್ಲಿಂಗ್ ಎಂದು ಕರೆಯುವುದನ್ನು ನಾನು ಇಲ್ಲಿ ಕೊಂಡಿ ಕಳಚುವುದು ಎಂದು ಬರೆಯುತ್ತೇನೆ. ಅದರಲ್ಲಿ ಎರಡು ಬಗೆಗಳಿವೆ, ಮತ್ತು ಈ ಎರಡನ್ನು ಬೆರೆಸಿಬಿಡುವುದೇ ಅರ್ಧಕ್ಕರ್ಧ ಜಗಳಗಳ ಮೂಲ. ಜಿಡಿಪಿ ಶೇ. 6ರಷ್ಟು ಏರಿ ಹೊರಸೂಸುವಿಕೆ ಶೇ. 3ರಷ್ಟು ಮಾತ್ರ ಏರಿದರೆ ಕೊಂಡಿ ಸಡಿಲವಾಗಿದೆ, ಆದರೆ ಕಳಚಿಲ್ಲ, ಇದು ಸಾಪೇಕ್ಷವಾದದ್ದು. ಜಿಡಿಪಿ ಏರುತ್ತಿರುವಾಗಲೇ ಹೊರಸೂಸುವಿಕೆ ಟನ್‌ಗಳ ಲೆಕ್ಕದಲ್ಲಿಯೇ ಇಳಿದರೆ ಅದು ಸಂಪೂರ್ಣ, ಅಂದರೆ ನಿರಪೇಕ್ಷ.

ಸಾಪೇಕ್ಷವಾದದ್ದಕ್ಕೆ ಚೀನಾ ಒಳ್ಳೆಯ ಉದಾಹರಣೆ. ಪ್ರತಿ ಘಟಕ ಜಿಡಿಪಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂಬ ಅಳತೆಯನ್ನು, ಅಂದರೆ ಹೊರಸೂಸುವಿಕೆಯ ತೀವ್ರತೆಯನ್ನು, 2005ರ ಮಟ್ಟಕ್ಕೆ ಹೋಲಿಸಿ 2020ರ ವೇಳೆಗೆ ಶೇ. 40ರಿಂದ 45ರಷ್ಟು ಇಳಿಸುವ ಗುರಿಯನ್ನು ಆ ದೇಶ ಇಟ್ಟುಕೊಂಡಿತ್ತು ಮತ್ತು ಅದನ್ನು ಮುಟ್ಟಿತು. ಅದೇ ಹದಿನೈದು ವರ್ಷಗಳಲ್ಲಿ ಅದರ ವಾರ್ಷಿಕ ಹೊರಸೂಸುವಿಕೆ ಸುಮಾರು 590 ಕೋಟಿ ಟನ್‌ನಿಂದ 1,100 ಕೋಟಿ ಟನ್‌ನ ಹತ್ತಿರಕ್ಕೆ ಏರಿತು. ಎರಡು ಹೇಳಿಕೆಗಳೂ ನಿಜ. ಭಾರತವೂ 2030ಕ್ಕೆ ಇಟ್ಟುಕೊಂಡಿರುವುದು ತೀವ್ರತೆಯ ಗುರಿಯನ್ನೇ: 2005ರ ಮಟ್ಟಕ್ಕಿಂತ ಶೇ. 45 ಕಡಿಮೆ. ಬಡತನದಿಂದ ಮೇಲೆ ಬರುತ್ತಿರುವ ದೇಶಕ್ಕೆ ಇಂಥ ಗುರಿ ಅನ್ಯಾಯವಾದದ್ದೇನಲ್ಲ. ಆದರೆ ವಾತಾವರಣಕ್ಕೆ ತೀವ್ರತೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಟನ್ ಮಾತ್ರ. ಆದ್ದರಿಂದ ಹೇಳಿಕೆಯೊಂದನ್ನು ಪರೀಕ್ಷಿಸಲು ಕುಳಿತಾಗ, ಅದು ಯಾವ ಬಗೆಯ ಕಳಚುವಿಕೆಯ ಬಗ್ಗೆ ಹೇಳುತ್ತಿದೆ ಎಂಬುದನ್ನು ಹಾಳೆಯ ಮೊದಲ ಸಾಲಿನಲ್ಲಿಯೇ ಬರೆದುಕೊಳ್ಳಿ.

ಅಂಕಿಗಳನ್ನು ಆರಿಸುವಾಗ

ನಿಮಗೆ ಬೇಕಾಗುವುದು ನಾಲ್ಕು ಕಾಲಂಗಳು: ಜನಸಂಖ್ಯೆ, ಜಿಡಿಪಿ, ಪ್ರಾಥಮಿಕ ಶಕ್ತಿಯ (ಅಂದರೆ ವಿದ್ಯುತ್ತಾಗಿ ಬದಲಾಗುವ ಮುಂಚಿನ ಕಲ್ಲಿದ್ದಲು, ತೈಲ ಮುಂತಾದ ಮೂಲರೂಪದ ಶಕ್ತಿಯ) ಬಳಕೆ ಮತ್ತು ಇಂಗಾಲದ ಡೈಆಕ್ಸೈಡ್. ಮೊದಲ ಎರಡು ವಿಶ್ವ ಬ್ಯಾಂಕಿನ ದತ್ತಾಂಶದಲ್ಲಿ ಸಿಗುತ್ತವೆ. ಕೊನೆಯದನ್ನು ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್ ಪ್ರತಿವರ್ಷ ಪ್ರಕಟಿಸುತ್ತದೆ. ಈ ಎಲ್ಲವನ್ನೂ ಒಂದೇ ಕಡತದಲ್ಲಿ ಜೋಡಿಸಿ ಕೊಡುವ ಅವರ್ ವರ್ಲ್ಡ್ ಇನ್ ಡೇಟಾ ತಾಣ ಆರಂಭಿಸುವವರಿಗೆ ಅನುಕೂಲಕರ.

ಜಿಡಿಪಿಯನ್ನು ಸ್ಥಿರ ಬೆಲೆಗಳಲ್ಲಿಯೇ ತೆಗೆದುಕೊಳ್ಳಬೇಕು. ಚಾಲ್ತಿ ಬೆಲೆಯ ಅಂಕಿಗಳಲ್ಲಿ ಹಣದುಬ್ಬರವೂ ಬೆಳವಣಿಗೆಯ ವೇಷ ಹಾಕಿಕೊಂಡು ಬರುತ್ತದೆ, ಆಗ ಯಾವ ದೇಶದ ಆರ್ಥಿಕತೆಯೂ ಇಂಗಾಲದಿಂದ ಪಾರಾದಂತೆಯೇ ಕಾಣುತ್ತದೆ. ಎರಡು ದೇಶಗಳನ್ನು ಅಕ್ಕಪಕ್ಕ ಇಡುವಾಗ ಮಾತ್ರ ಕೊಳ್ಳುವ ಶಕ್ತಿಯ ಸಮತೆಗೆ ಹೊಂದಿಸಿದ, ಅಂದರೆ ದೇಶದೇಶಗಳ ಬೆಲೆಮಟ್ಟದ ವ್ಯತ್ಯಾಸವನ್ನು ಸರಿದೂಗಿಸಿದ ಜಿಡಿಪಿ ಬೇಕಾಗುತ್ತದೆ. ಒಂದೇ ದೇಶದ ಕಾಲಾನುಕ್ರಮಕ್ಕೆ ಅದರದೇ ಸ್ಥಿರ ಬೆಲೆಯ ಸರಣಿ ಸಾಕು. ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಜಿಡಿಪಿ ಕೈಕೊಡಬಹುದು. ಐರ್ಲೆಂಡಿನ ಜಿಡಿಪಿ 2015ರ ಒಂದೇ ವರ್ಷದಲ್ಲಿ ಕಾಲು ಭಾಗದಷ್ಟು ಜಿಗಿಯಿತು. ಅಲ್ಲಿ ಹೊಸ ಕಾರ್ಖಾನೆಗಳೇನೂ ರಾತ್ರೋರಾತ್ರಿ ಏಳಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟಿನಂಥ ಬೌದ್ಧಿಕ ಸ್ವತ್ತುಗಳನ್ನು ಲೆಕ್ಕಪತ್ರದಲ್ಲಿ ಆ ದೇಶಕ್ಕೆ ವರ್ಗಾಯಿಸಿಕೊಂಡಿದ್ದವು. ಅಲ್ಲಿನ ಅಂಕಿಅಂಶ ಕಚೇರಿ ಇದರಿಂದ ಮುಜುಗರಕ್ಕೊಳಗಾಗಿ, ಇಂಥ ವಿಕೃತಿಗಳನ್ನು ಕಳೆದ ಪರಿಷ್ಕೃತ ರಾಷ್ಟ್ರೀಯ ಆದಾಯ ಎಂಬ ಬೇರೆಯೇ ಅಳತೆಯನ್ನು ರೂಪಿಸಬೇಕಾಯಿತು. ಐರ್ಲೆಂಡಿನ ತೀವ್ರತೆಯ ಗ್ರಾಫ್‌ನಲ್ಲಿ 2015ರಲ್ಲಿ ಕಾಣುವ ಪ್ರಪಾತಕ್ಕೆ ಹವಾಮಾನ ನೀತಿಯ ಗಂಧವೂ ಇಲ್ಲ.

ಹೊರಸೂಸುವಿಕೆಯ ಕಾಲಂನಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆಲವು ಸರಣಿಗಳು ಇಂಗಾಲದ ತೂಕವನ್ನು ಕೊಡುತ್ತವೆ, ಕೆಲವು ಇಂಗಾಲದ ಡೈಆಕ್ಸೈಡಿನ ತೂಕವನ್ನು; ಇಂಗಾಲದ ಪರಮಾಣು ತೂಕ 12, ಡೈಆಕ್ಸೈಡಿನ ಅಣುತೂಕ 44 ಆಗಿರುವುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು 3.67ರಿಂದ ಗುಣಿಸಬೇಕಾಗುತ್ತದೆ. ಈ ಕೆಲಸಕ್ಕೆ ಮೊದಲು ಕೈಹಾಕಿದಾಗ ನಾನು ಹಳೆಯ ವರ್ಷಗಳ ಅಂಕಿಗಳನ್ನು ಒಂದು ಕಡತದಿಂದಲೂ ಹೊಸ ವರ್ಷಗಳದ್ದನ್ನು ಇನ್ನೊಂದರಿಂದಲೂ ತಂದು ಅಂಟಿಸಿದ್ದೆ. ಗ್ರಾಫ್‌ನ ನಡುವೆ ಗೆರೆ ಗೋಡೆಯ ಹಾಗೆ ನೆಟ್ಟಗೆ ಎದ್ದು ನಿಂತಿತು, ಮತ್ತು ಆ ವರ್ಷ ಅಂಥದ್ದೇನು ನಡೆಯಿತು ಎಂದು ಇತಿಹಾಸವನ್ನು ತಡಕಾಡುತ್ತ ನಾನು ಒಂದು ಸಂಜೆಯನ್ನು ಕಳೆದೆ. ನಡೆದದ್ದು ಇಷ್ಟೆ: ಮೊದಲ ಕಡತ ಇಂಗಾಲದ ಟನ್‌ಗಳಲ್ಲಿತ್ತು. ಹಠಾತ್ತನೆ ಮೂರೂವರೆ ಪಟ್ಟಿಗಿಂತ ತುಸು ಹೆಚ್ಚಿನ ಜಿಗಿತ ಕಂಡರೆ ಮೊದಲು ಅಳತೆಯ ಘಟಕವನ್ನು ನೋಡಿ.

ಮೀಥೇನ್ ಮುಂತಾದ ಅನಿಲಗಳನ್ನೂ ಸೇರಿಸಿದ ಅಂಕಿ ಬೇರೆ, ಬರಿಯ ಇಂಗಾಲದ ಡೈಆಕ್ಸೈಡ್ ಬೇರೆ. ಪಳೆಯುಳಿಕೆ ಇಂಧನ ಮತ್ತು ಸಿಮೆಂಟಿನಿಂದ ಬರುವುದು ಬೇರೆ, ಕಾಡು ಕಡಿದು ಭೂಬಳಕೆ ಬದಲಾಯಿಸಿದ್ದರಿಂದ ಬರುವುದು ಬೇರೆ. ಬ್ರೆಜಿಲಿನಂಥ ದೇಶಕ್ಕೆ ಎರಡನೆಯದನ್ನು ಬಿಟ್ಟು ಲೆಕ್ಕ ಹಾಕಿದರೆ ಚಿತ್ರದ ಬಹುಭಾಗವೇ ಕಾಣೆಯಾಗುತ್ತದೆ. ಅಂತರರಾಷ್ಟ್ರೀಯ ವಿಮಾನ ಮತ್ತು ಹಡಗುಗಳ ಇಂಧನವಂತೂ ವಿಶ್ವಸಂಸ್ಥೆಗೆ ಸಲ್ಲಿಸುವ ವರದಿಗಳಲ್ಲಿ ಯಾವ ದೇಶದ ಮೊತ್ತಕ್ಕೂ ಸೇರುವುದಿಲ್ಲ, ಪ್ರತ್ಯೇಕ ಸಾಲಿನಲ್ಲಿ ಉಳಿಯುತ್ತದೆ.

ಮೂಲ ವರ್ಷದ ಕೈಚಳಕ

ನಾಲ್ಕೂ ಕಾಲಂಗಳನ್ನು ಮೂಲ ವರ್ಷದಲ್ಲಿ, ಅಂದರೆ ಎಣಿಕೆ ಶುರುವಾಗುವ ವರ್ಷದಲ್ಲಿ, 100 ಇರುವಂತೆ ಬದಲಾಯಿಸಿ ಒಂದೇ ಗ್ರಾಫ್‌ನಲ್ಲಿ ಎಳೆಯುವುದು ರೂಢಿ. ಎಳೆದ ಮೇಲೆ, ಅದನ್ನು ನಂಬುವ ಮೊದಲು, ಮೂಲ ವರ್ಷವನ್ನು ಬದಲಾಯಿಸಿ ಮತ್ತೆ ಎಳೆದು ನೋಡಿ.

ರಷ್ಯಾವನ್ನು ತೆಗೆದುಕೊಳ್ಳಿ. ಸೋವಿಯತ್ ವ್ಯವಸ್ಥೆ ಕುಸಿದ ನಂತರ, 1990ರಿಂದ 1998ರವರೆಗೆ ಅದರ ವಾರ್ಷಿಕ ಹೊರಸೂಸುವಿಕೆ ಸುಮಾರು 250 ಕೋಟಿ ಟನ್‌ನಿಂದ 150 ಕೋಟಿ ಟನ್‌ನ ಆಸುಪಾಸಿಗೆ ಇಳಿಯಿತು. ಜಿಡಿಪಿಯೂ ಸರಿಸುಮಾರು ಅದೇ ಪ್ರಮಾಣದಲ್ಲಿ ಕುಸಿಯಿತು. ಅದು ಕೊಂಡಿ ಕಳಚಿದ್ದಲ್ಲ, ಎರಡೂ ಒಟ್ಟಿಗೆ ಹಳ್ಳಕ್ಕೆ ಬಿದ್ದದ್ದು. 1998ರಿಂದ 2008ರವರೆಗೆ ಜಿಡಿಪಿ ಎರಡರಷ್ಟರ ಹತ್ತಿರಕ್ಕೆ ಬಂದಿತು, ಹೊರಸೂಸುವಿಕೆ ತುಸು ಮಾತ್ರ ಏರಿತು. ಈಗ 1990ನ್ನು ಮೂಲವಾಗಿಟ್ಟು 2008ರವರೆಗೆ ಗ್ರಾಫ್ ಎಳೆದರೆ ರಷ್ಯಾ ಹವಾಮಾನ ಸಾಧಕನಂತೆ ಕಾಣುತ್ತದೆ. 1998ನ್ನು ಮೂಲವಾಗಿಟ್ಟರೆ ಸಾಪೇಕ್ಷವಾಗಿ ಮಾತ್ರ ಕೊಂಡಿ ಸಡಿಲಗೊಂಡ ದೇಶದಂತೆ ಕಾಣುತ್ತದೆ. ಪೂರ್ವ ಯೂರೋಪಿನ ಯಾವ ದೇಶಕ್ಕೇ ಆಗಲಿ 1990ರಿಂದ ಎಣಿಸಿದ ಸಾಧನೆಯನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಕೊನೆಯ ವರ್ಷಕ್ಕೂ ಇದೇ ಮಾತು ಅನ್ವಯಿಸುತ್ತದೆ. 2020ರಲ್ಲಿ ಕೋವಿಡ್ ನಿರ್ಬಂಧಗಳಿಂದಾಗಿ ಜಗತ್ತಿನ ಹೊರಸೂಸುವಿಕೆ ಸುಮಾರು ಶೇ. 5ರಷ್ಟು ಇಳಿಯಿತು, ಮರುವರ್ಷವೇ ಬಹುಪಾಲು ಹಿಂದಿರುಗಿತು. 2009ರ ಆರ್ಥಿಕ ಹಿಂಜರಿತದಲ್ಲಿ ಶೇ. 1ಕ್ಕಿಂತ ತುಸು ಹೆಚ್ಚು ಇಳಿದದ್ದು 2010ರಲ್ಲಿ ಶೇ. 5ಕ್ಕೂ ಮೀರಿ ಏರಿತು. ಹೀಗಾಗಿ 2009 ಅಥವಾ 2020ಕ್ಕೆ ಮುಗಿಯುವ, ಇಲ್ಲವೇ ಅಲ್ಲಿಂದ ಶುರುವಾಗುವ ಯಾವ ಹೋಲಿಕೆಯನ್ನೂ ಒಪ್ಪಿಕೊಳ್ಳಬೇಡಿ. ಎರಡೂ ತುದಿಗಳಲ್ಲಿ ಮೂರು ವರ್ಷಗಳ ಸರಾಸರಿಯನ್ನು ಬಳಸುವುದು ಸುಲಭದ ಪರಿಹಾರ.

ನಾಲ್ಕು ಗುಣಕಗಳಾಗಿ ಒಡೆಯುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಜಪಾನಿನ ಶಕ್ತಿ ಅರ್ಥಶಾಸ್ತ್ರಜ್ಞ ಯೋಯಿಚಿ ಕಾಯಾ ಅವರ ಹೆಸರಿನಲ್ಲಿರುವ ಸಮೀಕರಣ ಹೇಳುವುದು ಇಷ್ಟು: ಒಟ್ಟು ಹೊರಸೂಸುವಿಕೆ ಎಂದರೆ ಜನಸಂಖ್ಯೆ, ತಲಾ ಜಿಡಿಪಿ, ಪ್ರತಿ ಘಟಕ ಜಿಡಿಪಿಗೆ ಬಳಕೆಯಾದ ಶಕ್ತಿ, ಪ್ರತಿ ಘಟಕ ಶಕ್ತಿಗೆ ಹೊಮ್ಮಿದ ಇಂಗಾಲದ ಡೈಆಕ್ಸೈಡ್ ಈ ನಾಲ್ಕರ ಗುಣಲಬ್ಧ. ಬಿಡಿಸಿ ಬರೆದರೆ ಮೇಲಿನದೂ ಕೆಳಗಿನದೂ ಹೊಡೆದುಹೋಗಿ ಕೊನೆಗೆ ಉಳಿಯುವುದು ಹೊರಸೂಸುವಿಕೆಯೇ. ಅಂದರೆ ಇದು ಸಿದ್ಧಾಂತವಲ್ಲ, ಲೆಕ್ಕದ ಒಂದು ಜೋಡಣೆ ಅಷ್ಟೆ. ಆದರೂ ಇದರಷ್ಟು ಉಪಯುಕ್ತವಾದ ಜೋಡಣೆ ಈ ವಿಷಯದಲ್ಲಿ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ, ಏಕೆಂದರೆ ಬೆಳವಣಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಮಾನವಾಗದ ಚರ್ಚೆಯನ್ನು ಅದು ಯಾವ ಗುಣಕ ಎಷ್ಟು ಬದಲಾಯಿತು ಎಂಬ ಉತ್ತರಿಸಬಹುದಾದ ಪ್ರಶ್ನೆಯಾಗಿಸುತ್ತದೆ.

ಬ್ರಿಟನ್ನಿನ 1990 ಮತ್ತು 2022ರ ಅಂಕಿಗಳನ್ನು ಸ್ಥೂಲವಾಗಿ ಇಟ್ಟುಕೊಂಡು ಮಾಡಿ ನೋಡೋಣ. ಈ ಅವಧಿಯಲ್ಲಿ ಜನಸಂಖ್ಯೆ 1.18 ಪಟ್ಟಾಯಿತು. ಸ್ಥಿರ ಬೆಲೆಯ ಜಿಡಿಪಿ ಸುಮಾರು 1.75 ಪಟ್ಟಾಯಿತು. ಪ್ರಾಥಮಿಕ ಶಕ್ತಿಯ ಬಳಕೆ ಐದನೇ ಒಂದು ಭಾಗದಷ್ಟು ಇಳಿದು 0.80 ಪಟ್ಟಿಗೆ ಬಂದಿತು. ದೇಶದ ಗಡಿಯೊಳಗಿನ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 45ರಷ್ಟು ಇಳಿದು 0.55 ಪಟ್ಟಾಯಿತು. ಈಗ ಭಾಗಾಕಾರ ಮಾಡಿದರೆ ತಲಾ ಜಿಡಿಪಿ 1.48, ಜಿಡಿಪಿಗೆ ಶಕ್ತಿ 0.46, ಶಕ್ತಿಗೆ ಇಂಗಾಲ 0.69 ಎಂದು ಬರುತ್ತದೆ. ಜನಸಂಖ್ಯೆಯನ್ನೂ ಸೇರಿಸಿ ನಾಲ್ಕನ್ನೂ ಗುಣಿಸಿದರೆ ಮತ್ತೆ 0.55ರ ಹತ್ತಿರಕ್ಕೇ ಬಂದು ನಿಲ್ಲಬೇಕು. ಹಾಗೆ ಬಾರದಿದ್ದರೆ ಎಲ್ಲೋ ಒಂದು ಕಾಲಂ ಜಾರಿದೆ ಎಂದರ್ಥ.

ಎರಡು ಗುಣಕಗಳು ಏರಿಗೆಳೆದರೆ ಎರಡು ನೀರಿಗೆಳೆದಿವೆ. ಯಾವುದು ಎಷ್ಟು ಎಳೆಯಿತು ಎಂದು ತಿಳಿಯಲು ಪ್ರತಿಯೊಂದರ ಸ್ವಾಭಾವಿಕ ಲಾಗರಿದಮ್ ತೆಗೆದುಕೊಳ್ಳಿ, ಏಕೆಂದರೆ ಲಾಗರಿದಮ್‌ನಲ್ಲಿ ಗುಣಾಕಾರ ಸಂಕಲನವಾಗುತ್ತದೆ. ಜನಸಂಖ್ಯೆ +0.17, ತಲಾ ಜಿಡಿಪಿ +0.39, ಜಿಡಿಪಿಗೆ ಶಕ್ತಿ −0.78, ಶಕ್ತಿಗೆ ಇಂಗಾಲ −0.37, ಕೂಡಿದರೆ ಸುಮಾರು −0.60, ಅದು 0.55ರ ಲಾಗರಿದಮ್. ಬ್ರಿಟನ್ ಕಲ್ಲಿದ್ದಲನ್ನು ಬಿಟ್ಟದ್ದೇ ಎಲ್ಲಕ್ಕೂ ಕಾರಣ ಎಂಬ ಜನಪ್ರಿಯ ವಿವರಣೆಗೆ ಈ ಅಂಕಿಗಳು ಸ್ವಲ್ಪ ತಡೆಯೊಡ್ಡುತ್ತವೆ: ಇಂಧನದ ಬದಲಾವಣೆ ಎಳೆದದ್ದಕ್ಕಿಂತ ಎರಡರಷ್ಟು ಬಲದಿಂದ ಜಿಡಿಪಿಗೆ ಬೇಕಾದ ಶಕ್ತಿಯ ಇಳಿಕೆ ಎಳೆದಿದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಓದುಗರಿಗೆ ಮೋಸ ಮಾಡಿದಂತೆ. ಕಲ್ಲಿದ್ದಲು ಸ್ಥಾವರಕ್ಕೆ 100 ಘಟಕ ಶಾಖ ಕೊಟ್ಟರೆ ಹೊರಬರುವ ವಿದ್ಯುತ್ ಸುಮಾರು 36 ಘಟಕ, ಉಳಿದದ್ದು ಚಿಮಣಿ ಮತ್ತು ತಂಪುಗೋಪುರಗಳ ಮೂಲಕ ಗಾಳಿಗೆ ಹೋಗುತ್ತದೆ. ಅದೇ 36 ಘಟಕ ವಿದ್ಯುತ್ತನ್ನು ಗಾಳಿಯಂತ್ರ ಕೊಟ್ಟಾಗ, ಅಂಕಿಅಂಶದ ಒಂದು ಪದ್ಧತಿಯ ಪ್ರಕಾರ ಪ್ರಾಥಮಿಕ ಶಕ್ತಿಯ ಕಾಲಂನಲ್ಲಿ ಬರೆಯುವುದು 36 ಎಂದೇ. ಯಾವ ಮನೆಯಲ್ಲಿಯೂ ಒಂದು ದೀಪ ಕಡಿಮೆ ಉರಿದಿಲ್ಲ, ಯಾವ ಕಾರ್ಖಾನೆಯೂ ದಕ್ಷವಾಗಿಲ್ಲ, ಆದರೂ ಶಕ್ತಿಯ ಬಳಕೆ 100ರಿಂದ 36ಕ್ಕೆ ಇಳಿದಂತೆ ದಾಖಲಾಗುತ್ತದೆ. ಹೀಗಾಗಿ ಕಲ್ಲಿದ್ದಲನ್ನು ಬಿಟ್ಟದ್ದರ ಕೀರ್ತಿಯ ಒಂದು ಪಾಲು ಸದ್ದಿಲ್ಲದೆ ದಕ್ಷತೆಯ ಖಾತೆಗೆ ಜಮೆಯಾಗಿರುತ್ತದೆ. ಪರ್ಯಾಯ ಪದ್ಧತಿಯೊಂದರಲ್ಲಿ ಗಾಳಿ ಮತ್ತು ಸೌರ ವಿದ್ಯುತ್ತಿಗೆ, ಅಷ್ಟೇ ವಿದ್ಯುತ್ತನ್ನು ಶಾಖ ಸ್ಥಾವರದಿಂದ ಪಡೆಯಲು ಬೇಕಾಗುತ್ತಿದ್ದ ಇಂಧನವನ್ನು ಆರೋಪಿಸಿ ಬರೆಯುತ್ತಾರೆ. ನೀವು ಬಳಸುತ್ತಿರುವ ಸರಣಿ ಯಾವ ಪದ್ಧತಿಯದು ಎಂದು ಅದರ ವಿವರಣೆಯಲ್ಲಿ ನೋಡಿಕೊಳ್ಳಿ. ಸಾಧ್ಯವಾದರೆ ಎರಡರಲ್ಲಿಯೂ ಲೆಕ್ಕ ಹಾಕಿ ಅಂತರವನ್ನು ಗುರುತಿಸಿ.

ಉಳಿದ ಇಳಿಕೆಗೂ ಒಂದಕ್ಕಿಂತ ಹೆಚ್ಚು ಕಾರಣಗಳಿರುತ್ತವೆ. ಯಂತ್ರಗಳು ಸುಧಾರಿಸಿರಬಹುದು, ಆರ್ಥಿಕತೆ ಉಕ್ಕಿನಿಂದ ಬ್ಯಾಂಕಿಂಗಿಗೆ ಹೊರಳಿರಬಹುದು, ಅಥವಾ ಉಕ್ಕನ್ನು ಬೇರೆಲ್ಲೋ ಕರಗಿಸಿ ಇಲ್ಲಿಗೆ ತರಿಸಿಕೊಳ್ಳುತ್ತಿರಬಹುದು. ಈ ಮೂರನ್ನು ಕಾಯಾ ಸಮೀಕರಣ ಬೇರ್ಪಡಿಸುವುದಿಲ್ಲ. ಗುಣಕಗಳು ಒಂದರಿಂದೊಂದು ಸ್ವತಂತ್ರವೆಂದು ಭಾವಿಸುವುದೂ ತಪ್ಪು. ಹಬೆಯಂತ್ರಗಳು ದಕ್ಷವಾದಂತೆ ಕಲ್ಲಿದ್ದಲಿನ ಬಳಕೆ ಕುಗ್ಗದೆ ಹಿಗ್ಗಿತು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿಯೇ ತೋರಿಸಿದ್ದರು: ಶಕ್ತಿ ಅಗ್ಗವಾದಾಗ ಅದಕ್ಕೆ ಹೊಸ ಉಪಯೋಗಗಳು ಹುಟ್ಟಿಕೊಳ್ಳುತ್ತವೆ, ಅಂದರೆ ಮೂರನೆಯ ಗುಣಕದ ಇಳಿಕೆ ಎರಡನೆಯದರ ಏರಿಕೆಗೆ ದಾರಿಯಾಗುತ್ತದೆ.

ಗಡಿಯಾಚೆಯ ಹೊಗೆ

ಮೇಲಿನ ಲೆಕ್ಕ ದೇಶದ ಗಡಿಯೊಳಗೆ ಹೊಮ್ಮಿದ್ದನ್ನು ಮಾತ್ರ ಎಣಿಸುತ್ತದೆ. ಆಮದು ಮಾಡಿಕೊಂಡ ವಸ್ತುಗಳ ತಯಾರಿಕೆಯಲ್ಲಿ ಬೇರೆ ದೇಶದಲ್ಲಿ ಎದ್ದ ಹೊಗೆಯನ್ನು ಸೇರಿಸಿ, ರಫ್ತು ಮಾಡಿದ್ದರ ಹೊಗೆಯನ್ನು ಕಳೆದರೆ ಬಳಕೆ ಆಧಾರಿತ ಹೊರಸೂಸುವಿಕೆ ಸಿಗುತ್ತದೆ. ದೇಶದೇಶಗಳ ನಡುವೆ ಯಾವ ಉದ್ಯಮ ಯಾವ ಉದ್ಯಮದಿಂದ ಎಷ್ಟು ಕೊಂಡಿತು ಎಂಬ ದೊಡ್ಡ ಕೋಷ್ಟಕಗಳಿಂದ ಇದನ್ನು ಅಂದಾಜು ಮಾಡುತ್ತಾರೆ. 1990ರಿಂದೀಚಿನ ಸರಣಿ ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟಿನ ಕಡತದಲ್ಲಿಯೇ ಇದೆ. ಅಂದಾಜಾದ್ದರಿಂದ ಇದರಲ್ಲಿ ಅನಿಶ್ಚಿತತೆ ಹೆಚ್ಚು, ಮತ್ತು ಇದು ಇತರ ಅಂಕಿಗಳಿಗಿಂತ ತಡವಾಗಿ ಬರುತ್ತದೆ.

ಈ ಕಾಲಂ ಅನ್ನು ಐದನೆಯದಾಗಿ ಸೇರಿಸಿ ಹಿಂದಿನ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಬ್ರಿಟನ್ನಿನ ಬಳಕೆ ಆಧಾರಿತ ಅಂಕಿ ಗಡಿಯೊಳಗಿನ ಅಂಕಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ದೊಡ್ಡದಿದೆ. 1990ರಿಂದ ಈ ಶತಮಾನದ ಮೊದಲ ವರ್ಷಗಳವರೆಗೆ ಎರಡರ ನಡುವಿನ ಬಿರುಕು ಅಗಲವಾಗುತ್ತ ಹೋಯಿತು. ಅಂದರೆ ಆಗ ಮೆಚ್ಚುಗೆ ಪಡೆದ ಇಳಿಕೆಯ ಒಂದು ಭಾಗ ಕಾರ್ಖಾನೆಗಳ ವಿಳಾಸ ಬದಲಾವಣೆ ಮಾತ್ರವಾಗಿತ್ತು. ಆದರೆ 2007ರ ಆಸುಪಾಸಿನ ಶಿಖರದಿಂದೀಚೆಗೆ ಬಳಕೆ ಆಧಾರಿತ ಸರಣಿಯೂ ಸ್ಪಷ್ಟವಾಗಿ ಇಳಿದಿದೆ. ಶ್ರೀಮಂತ ದೇಶಗಳ ಸಾಧನೆಯೆಲ್ಲ ಹೊಗೆಯನ್ನು ರಫ್ತು ಮಾಡಿದ್ದೇ ಎಂಬ ಆರೋಪ ಅರ್ಧ ಸತ್ಯ. ಅದು ಯಾವ ಅವಧಿಗೆ ಹೊಂದುತ್ತದೆ, ಯಾವ ಅವಧಿಗೆ ಹೊಂದುವುದಿಲ್ಲ ಎಂದು ಕಾಲಂಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ಕಾಣುತ್ತದೆ. ಸ್ವಿಟ್ಜರ್‌ಲೆಂಡಿನಂಥ ಸಣ್ಣ ದೇಶದಲ್ಲಿ ಬಳಕೆಯ ಅಂಕಿ ಗಡಿಯೊಳಗಿನ ಅಂಕಿಯ ಎರಡರಷ್ಟನ್ನೂ ಮೀರುತ್ತದೆ. ಚೀನಾದಲ್ಲಿ ಇದು ತಿರುವುಮುರುವು, ಅಲ್ಲಿ ಬಳಕೆಯ ಅಂಕಿಯೇ ಚಿಕ್ಕದು.

ಸ್ಥಿತಿಸ್ಥಾಪಕತ್ವ: ಬಳಸಿ, ಆದರೆ ಚಿಹ್ನೆಗಳನ್ನು ನೋಡಿ

ಹೊರಸೂಸುವಿಕೆಯ ಶೇಕಡಾವಾರು ಬದಲಾವಣೆಯನ್ನು ಜಿಡಿಪಿಯ ಶೇಕಡಾವಾರು ಬದಲಾವಣೆಯಿಂದ ಭಾಗಿಸಿದರೆ ಸ್ಥಿತಿಸ್ಥಾಪಕತ್ವ ಬರುತ್ತದೆ. ಜಿಡಿಪಿ ಶೇ. 4 ಏರಿ ಹೊರಸೂಸುವಿಕೆ ಶೇ. 3 ಏರಿದರೆ 0.75, ಜಿಡಿಪಿ ಶೇ. 4 ಏರಿ ಹೊರಸೂಸುವಿಕೆ ಶೇ. 1 ಇಳಿದರೆ −0.25. ಫಿನ್ಲೆಂಡಿನ ಸಂಶೋಧಕ ಪೆಟ್ರಿ ಟಾಪಿಯೊ 2005ರಲ್ಲಿ ಇದನ್ನು ಎಂಟು ವರ್ಗಗಳಾಗಿ ವಿಂಗಡಿಸಿದರು: 0.8ರಿಂದ 1.2ರವರೆಗಿನದನ್ನು ಕೊಂಡಿ ಬಿಗಿಯಾಗಿಯೇ ಇದೆ ಎಂದೂ, ಜಿಡಿಪಿ ಏರುತ್ತಿರುವಾಗ 0ಯಿಂದ 0.8ರವರೆಗಿನದನ್ನು ದುರ್ಬಲ ಕಳಚುವಿಕೆ ಎಂದೂ, ಸೊನ್ನೆಗಿಂತ ಕಡಿಮೆಯದನ್ನು ಪ್ರಬಲ ಕಳಚುವಿಕೆ ಎಂದೂ ಅವರು ಕರೆದರು. ಎಂಟು ವರ್ಗಗಳು ಬೇಕಾದದ್ದೇಕೆಂದರೆ ಭಾಗಲಬ್ಧ ಒಂದನ್ನೇ ನೋಡಿದರೆ ದಿಕ್ಕು ತಿಳಿಯುವುದಿಲ್ಲ. ಜಿಡಿಪಿ ಶೇ. 3ರಷ್ಟೂ ಹೊರಸೂಸುವಿಕೆ ಶೇ. 5ರಷ್ಟೂ ಕುಸಿದರೆ ಉತ್ತರ +1.67, ಇದು ಬೆಳವಣಿಗೆಯ ಕಾಲದ +1.67ರ ಹಾಗೆಯೇ ಕಾಣುತ್ತದೆ. ಜಿಡಿಪಿ ಶೇ. 0.1 ಮಾತ್ರ ಏರಿ ಹೊರಸೂಸುವಿಕೆ ಶೇ. 2 ಇಳಿದರೆ ಉತ್ತರ −20, ಅದಕ್ಕೆ ಅರ್ಥವೇ ಇಲ್ಲ. ವರ್ಷದಿಂದ ವರ್ಷಕ್ಕೆ ಲೆಕ್ಕ ಹಾಕದೆ ಐದೈದು ವರ್ಷಗಳ ಅವಧಿಗೆ ಹಾಕಿದರೆ ಇಂಥ ಅಪಭ್ರಂಶಗಳು ಬಹುಮಟ್ಟಿಗೆ ತಪ್ಪುತ್ತವೆ.

ಏರಿಕೆಯ ಕಾಲದ ಸ್ಥಿತಿಸ್ಥಾಪಕತ್ವವನ್ನು ಇಳಿಕೆಯ ಕಾಲಕ್ಕೆ ಅನ್ವಯಿಸಲೂ ಬಾರದು. ಸಮಾಜಶಾಸ್ತ್ರಜ್ಞ ರಿಚರ್ಡ್ ಯಾರ್ಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತಲಾ ಜಿಡಿಪಿ ಶೇ. 1 ಏರಿದಾಗ ತಲಾ ಹೊರಸೂಸುವಿಕೆ ಸರಾಸರಿ ಶೇ. 0.73 ಏರುತ್ತದೆ, ಆದರೆ ಶೇ. 1 ಕುಸಿದಾಗ ಶೇ. 0.43 ಮಾತ್ರ ಇಳಿಯುತ್ತದೆ. ಒಳ್ಳೆಯ ಕಾಲದಲ್ಲಿ ಕಟ್ಟಿದ ರಸ್ತೆ, ಕಟ್ಟಡ, ಕೊಂಡ ವಾಹನಗಳು ಕೆಟ್ಟ ಕಾಲದಲ್ಲಿಯೂ ಉಳಿದು ಇಂಧನ ಬೇಡುತ್ತಲೇ ಇರುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಕಮಾನಿನ ಆಕರ್ಷಣೆಗೆ ಒಳಗಾಗಬೇಡಿ

ಅನೇಕ ದೇಶಗಳ ತಲಾ ಆದಾಯವನ್ನು ಅಡ್ಡಗೆರೆಯಲ್ಲಿ, ತಲಾ ಹೊರಸೂಸುವಿಕೆಯನ್ನು ಲಂಬಗೆರೆಯಲ್ಲಿ ಇಟ್ಟು ಚುಕ್ಕಿಗಳ ನಡುವೆ ಒಂದು ಕಮಾನು ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಇದಕ್ಕೆ ಪರಿಸರದ ಕುಜ್ನೆಟ್ಸ್ ರೇಖೆ ಎಂದು ಹೆಸರು. ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1955ರಲ್ಲಿ ಬರೆದದ್ದು ಆದಾಯದ ಅಸಮಾನತೆಯ ಬಗ್ಗೆ. ಮಾಲಿನ್ಯಕ್ಕೆ ಅದೇ ಆಕಾರವನ್ನು ಜೋಡಿಸಿದ್ದು 1991ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ಗಂಧಕದ ಡೈಆಕ್ಸೈಡಿನಂಥ ಮಾಲಿನ್ಯಕಾರಕಗಳನ್ನು ಅಧ್ಯಯನ ಮಾಡಿದ ನಂತರ. ಗಂಧಕದ ಹೊಗೆ ಉಸಿರಾಡುವವರ ಗಂಟಲನ್ನೇ ಸುಡುತ್ತದೆ, ಅದನ್ನು ಚಿಮಣಿಯಲ್ಲಿಯೇ ಹಿಡಿದಿಡುವ ತಂತ್ರಜ್ಞಾನ ದುಬಾರಿಯಲ್ಲ, ಆದ್ದರಿಂದ ಆದಾಯ ಹೆಚ್ಚಿದ ಸಮಾಜ ಅದನ್ನು ತಡೆಯುತ್ತದೆ. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದರ ಹಾನಿ ಹೊರಸೂಸಿದವರ ಮೇಲೆಯೇ ಬೀಳಬೇಕೆಂದೂ ಇಲ್ಲ. ಒಂದರ ಕಮಾನನ್ನು ಇನ್ನೊಂದಕ್ಕೆ ತೊಡಿಸಿ, ಇಷ್ಟು ಆದಾಯ ಬಂದ ಮೇಲೆ ಹೊರಸೂಸುವಿಕೆ ತಾನಾಗಿ ಇಳಿಯುತ್ತದೆ ಎಂದು ಭವಿಷ್ಯ ನುಡಿಯುವುದಕ್ಕೆ ಆಧಾರವಿಲ್ಲ.

ಚುಕ್ಕಿಗಳ ಚಿತ್ರದಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಶ್ರೀಮಂತ ದೇಶಗಳಿರುವ ಬಲತುದಿಗೆ ಹೋಗಿ, ಅಲ್ಲಿನ ಚುಕ್ಕಿಗಳು ಮೇಲಿನಿಂದ ಕೆಳಗೆ ಎಷ್ಟು ಚದುರಿವೆ ಎಂದು ನೋಡಿ. ಅಮೆರಿಕದ ತಲಾ ಹೊರಸೂಸುವಿಕೆ ವರ್ಷಕ್ಕೆ 14 ಟನ್‌ಗೂ ಹೆಚ್ಚು. ಫ್ರಾನ್ಸಿನದು 5 ಟನ್‌ಗಿಂತ ಕಡಿಮೆ. ಸ್ವೀಡನ್ನಿನದು ಇನ್ನೂ ಕಡಿಮೆ. ಆದಾಯದಲ್ಲಿ ಇವುಗಳ ನಡುವೆ ಮೂರು ಪಟ್ಟಿನ ಅಂತರವಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಫ್ರಾನ್ಸ್ ಪರಮಾಣು ಸ್ಥಾವರಗಳನ್ನು ಸಾಲಾಗಿ ಕಟ್ಟಿತು. ಸ್ವೀಡನ್ ಜಲವಿದ್ಯುತ್ ಮತ್ತು ಪರಮಾಣು ವಿದ್ಯುತ್ತಿನ ಜೊತೆಗೆ 1991ರಲ್ಲಿಯೇ ಇಂಗಾಲದ ತೆರಿಗೆ ಹಾಕಿತು. ಎರಡನೆಯ ಗುಣಕ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೂ ಕೊನೆಯ ಎರಡು ಗುಣಕಗಳನ್ನು ದೇಶಗಳು ಹೇಗೆ ನಡೆಸಿಕೊಂಡವು ಎಂಬುದರಿಂದ ಈ ಅಂತರ ಹುಟ್ಟಿದೆ. ನನ್ನ ದೃಷ್ಟಿಯಲ್ಲಿ ಕಮಾನಿಗಿಂತ ಈ ಚದುರುವಿಕೆಯೇ ಹೆಚ್ಚು ಮಾತನಾಡುತ್ತದೆ.

ವೇಗದ ಲೆಕ್ಕ

ಕೊಂಡಿ ಕಳಚಿದೆ ಎಂದು ಸಿದ್ಧವಾದ ಮೇಲೆಯೂ, ಸಾಕಷ್ಟು ವೇಗವಾಗಿ ಕಳಚುತ್ತಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸುವ ಸಾಧ್ಯತೆ ಶೇ. 50ರಷ್ಟಾದರೂ ಇರಬೇಕಾದರೆ 2020ರ ಆರಂಭದಿಂದ ಜಗತ್ತು ಇನ್ನು 50,000 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಮಾತ್ರ ಹೊರಸೂಸಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ 2021ರಲ್ಲಿ ಅಂದಾಜು ಮಾಡಿತ್ತು. ಭೂಬಳಕೆಯನ್ನೂ ಸೇರಿಸಿದರೆ ಜಗತ್ತಿನ ವಾರ್ಷಿಕ ಹೊರಸೂಸುವಿಕೆ ಸುಮಾರು 4,000 ಕೋಟಿ ಟನ್. ಇದು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವ ದಾಸ್ತಾನಿನ ಲೆಕ್ಕವಾದ್ದರಿಂದ ವೇಗವೇ ಇಲ್ಲಿ ಮುಖ್ಯವಾಗುತ್ತದೆ.

ಒಂದು ದೇಶ ಹತ್ತು ವರ್ಷಗಳಲ್ಲಿ ಹೊರಸೂಸುವಿಕೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ವರ್ಷಕ್ಕೆ ಶೇ. 6.7ರಷ್ಟು ಇಳಿಕೆ ಬೇಕು. ಅದರ ಜೊತೆಗೇ ಜಿಡಿಪಿ ಶೇ. 2ರಂತೆ ಬೆಳೆಯಬೇಕೆಂದರೆ 0.933ನ್ನು 1.02ರಿಂದ ಭಾಗಿಸಿ, ಬರುವ 0.915 ಹೇಳುವುದೇನೆಂದರೆ ತೀವ್ರತೆ ಪ್ರತಿವರ್ಷ ಶೇ. 8.5ರಂತೆ ಇಳಿಯಬೇಕು. ಬೆಳವಣಿಗೆ ಶೇ. 3 ಆದರೆ ಅದು ಶೇ. 9.4 ಆಗುತ್ತದೆ. ಈಗ ಮೇಲಿನ ಬ್ರಿಟನ್ನಿನ ಅಂಕಿಗಳಿಗೆ ಹಿಂದಿರುಗಿ: 0.55ನ್ನು 1.75ರಿಂದ ಭಾಗಿಸಿ 32 ವರ್ಷಗಳಿಗೆ ಹಂಚಿದರೆ ತೀವ್ರತೆಯ ಇಳಿಕೆ ವರ್ಷಕ್ಕೆ ಸುಮಾರು ಶೇ. 3.6, ಹೊರಸೂಸುವಿಕೆಯ ಇಳಿಕೆ ಸುಮಾರು ಶೇ. 1.9. ಹೊರಸೂಸುವಿಕೆ ಇಳಿಯುತ್ತಿರುವ ಹದಿನೆಂಟು ಮುಂದುವರಿದ ದೇಶಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು 2005ರಿಂದ 2015ರವರೆಗಿನ ಇಳಿಕೆಯ ಮಧ್ಯಕ ವೇಗ ವರ್ಷಕ್ಕೆ ಶೇ. 2.4 ಎಂದು ತೋರಿಸಿತು. ನೀವು ಆರಿಸಿಕೊಂಡ ದೇಶದ ಅಂಕಿಯನ್ನು ಇವುಗಳ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಆಗಿರುವುದಕ್ಕೂ ಆಗಬೇಕಿರುವುದಕ್ಕೂ ಇರುವ ಅಂತರ ಒಂದೇ ಸಾಲಿನಲ್ಲಿ ಕಾಣುತ್ತದೆ.

ಫಲಿತಾಂಶವನ್ನು ಬರೆಯುವಾಗ ಅವಧಿ, ಅನಿಲ, ಗಡಿ, ಜಿಡಿಪಿಯ ಬಗೆ ಈ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ತನ್ನಿ. ಬ್ರಿಟನ್ನಿಗೆ ಅದು ಹೀಗಿರಬಹುದು: 1990ರಿಂದ 2022ರವರೆಗೆ, ಅಂತರರಾಷ್ಟ್ರೀಯ ವಿಮಾನ ಮತ್ತು ಹಡಗುಗಳನ್ನು ಬಿಟ್ಟು, ಗಡಿಯೊಳಗಿನ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 45 ಇಳಿದಿದೆ, ಅದೇ ಅವಧಿಯಲ್ಲಿ ಸ್ಥಿರ ಬೆಲೆಯ ಜಿಡಿಪಿ ಸುಮಾರು ಶೇ. 75 ಏರಿದೆ, ಬಳಕೆ ಆಧಾರಿತ ಲೆಕ್ಕದಲ್ಲಿ ಇಳಿಕೆ ತಡವಾಗಿ ಶುರುವಾಗಿದ್ದು, ಪ್ರಮಾಣವೂ ಕಡಿಮೆ. ಓದಲು ಭಾರವಾದ ವಾಕ್ಯ ನಿಜ, ಆದರೆ ಯಾರು ಬೇಕಾದರೂ ಇದನ್ನು ಪರಿಶೀಲಿಸಬಹುದು. ಕಡತವನ್ನು ಇಳಿಸಿಕೊಂಡ ದಿನಾಂಕವನ್ನೂ ಹಾಳೆಯ ಮೂಲೆಯಲ್ಲಿ ಗುರುತು ಹಾಕಿಡಿ, ಏಕೆಂದರೆ ಜಿಡಿಪಿಯಾಗಲಿ ಹೊರಸೂಸುವಿಕೆಯಾಗಲಿ, ಹೊಸ ವರ್ಷದ ಅಂಕಿ ಸೇರುವಾಗ ಹಳೆಯ ವರ್ಷಗಳ ಅಂಕಿಗಳನ್ನೂ ಪರಿಷ್ಕರಿಸಲಾಗುತ್ತದೆ. ಮುಂದಿನ ಬಾರಿ ಲೆಕ್ಕ ಹಾಕುವಾಗ ಹೊಸ ಕಡತದ ಕೊನೆಯ ಸಾಲನ್ನಷ್ಟೇ ಹಳೆಯದಕ್ಕೆ ಅಂಟಿಸದೆ ಇಡೀ ಸರಣಿಯನ್ನು ಮೊದಲಿನಿಂದ ತುಂಬಿಸಬೇಕು.